ಮಾಲೀಕರು ಯಾರು ಎನ್ನುವುದಷ್ಟೇ ಪ್ರಶ್ನೆಯಲ್ಲ

ವಿಮಾನ, ಬಸ್ಸು ಎಲ್ಲವನ್ನೂ ಖಾಸಗಿಯವರಿಗೆ ಕೊಟ್ಟರೆ ಸುರಕ್ಷತೆ ತಾನಾಗಿ ಸುಧಾರಿಸುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭವಾ? ನಾನು ಮಂಗಳೂರಿನವನು, ಸರ್ಕಾರಿ, ಖಾಸಗಿ ಎರಡನ್ನೂ ನೋಡಿದ್ದೇನೆ.

2010ರ ಮೇ 22ರಂದು ನಮ್ಮ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಆಗ ಆ ಕಂಪನಿ ಸರ್ಕಾರದ್ದೇ. ತನಿಖಾ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಪಕ್ಕದ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ಸರ್ಕಾರದ್ದು ಅಂದ ಮಾತ್ರಕ್ಕೆ ಭದ್ರ ಅಲ್ಲ, ಒಪ್ಪಿದೆ.

ಆದರೆ ಬಸ್ಸಿನ ಕಥೆ? ನಮ್ಮಲ್ಲಿ ಸಿಟಿ ಬಸ್ಸು ಹೆಚ್ಚಿನದು ಖಾಸಗಿಯೇ, ಇವತ್ತು ನಿನ್ನೆಯದಲ್ಲ. ಐದು ನಿಮಿಷಕ್ಕೊಂದು ಬಸ್ಸು, ಅದನ್ನು ಮೆಚ್ಚಲೇಬೇಕು. (ಬೆಂಗಳೂರಿನ ನೆಂಟರು ಹೊಟ್ಟೆಕಿಚ್ಚು ಪಡುತ್ತಾರೆ!) ಆದರೆ ಹಿಂದಿನ ಬಸ್ಸು ಕಾಣಿಸಿತೋ, ನಮ್ಮ ಡ್ರೈವರಿಗೆ ಭೂತ ಮೈಮೇಲೆ ಬಂದ ಹಾಗೆ. ಕಲೆಕ್ಷನ್ ಕಮ್ಮಿಯಾದರೆ ಧಣಿಗೆ ಏನು ಹೇಳುವುದು ಅಂತ ಅವನ ಚಿಂತೆ. ಹೋದ ಮಳೆಗಾಲದಲ್ಲಿ ನನ್ನ ಅಮ್ಮ ಇನ್ನೂ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದರು, ಕಂಡಕ್ಟರ್ ಸೀಟಿ ಊದಿಯೇಬಿಟ್ಟ. ಮಂಡಿ ಸುಲಿದು ಹೋಯಿತು. ಬೈದರೆ 'ಟೈಮಿಲ್ಲ ಅಮ್ಮಾ' ಅಂದ. ಆ ಹುಡುಗನನ್ನು ಬೈದು ಏನು ಪ್ರಯೋಜನ?

2020ರಿಂದ ವಿಮಾನ ನಿಲ್ದಾಣವನ್ನು ಅದಾನಿಯವರು ನಡೆಸುತ್ತಿದ್ದಾರೆ. ಆದರೆ ರನ್‌ವೇ ಗುಡ್ಡದ ಮೇಲೆಯೇ ಇದೆ, ಮಳೆಯೂ ಅಷ್ಟೇ ಜೋರು. ತಪಾಸಣೆ ಮಾಡುವವರಿಗೆ ಸಾಕಷ್ಟು ಜನ ಇದ್ದಾರಾ, ವಿಮಾನವನ್ನೋ ಬಸ್ಸನ್ನೋ ನಿಲ್ಲಿಸುವ ಧೈರ್ಯ ಇದೆಯಾ? ಅದನ್ನು ಬರೆಯಿರಿ ಸ್ವಾಮಿ.