ಪ್ಲೇಟ್ ಹಾಕಿದ ಕಾಲು ಸೋರುತ್ತಿದ್ದರೆ ಬರೀ ಮಾತ್ರೆ ನುಂಗಬೇಡಿ

ಮುರಿದ ಮೂಳೆಗೆ ಪ್ಲೇಟ್, ರಾಡ್ ಹಾಕಿಸಿಕೊಂಡವರ ಗಾಯದಲ್ಲಿ ಕೀವು ಬಂದರೆ ಎಲ್ಲರದೂ ಒಂದೇ ಸಲಹೆ: ‘ಇನ್ನೊಂದು ಕೋರ್ಸ್ ಆಂಟಿಬಯೋಟಿಕ್ ತಗೊಳ್ಳಿ, ಒಣಗುತ್ತೆ.’ ಒಣಗುತ್ತೆ, ನಿಜ. ತೊಂದರೆ ಇರೋದೇ ಅಲ್ಲಿ.

ನಮ್ಮ ಚಿಕ್ಕಪ್ಪನ ಮೊಣಕಾಲ ಕೆಳಗೆ ಹೀಗೇ ಆಗಿತ್ತು. ಹೊಲಿಗೆ ಬಿಚ್ಚಿ ತಿಂಗಳುಗಳು ಕಳೆದಿದ್ದವು. ಗಾಯದ ಗುರುತಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಹಳದಿ ಕಲೆ. ಮಾತ್ರೆ ತಿಂದಾಗ ಮುಚ್ಚಿಕೊಳ್ಳುತ್ತಿತ್ತು, ನಿಲ್ಲಿಸಿದರೆ ಮತ್ತೆ ಬಾಯಿ ಬಿಡುತ್ತಿತ್ತು. ಜ್ವರ ಇಲ್ಲ, ಅಂಥ ನೋವೂ ಇಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಇದಕ್ಕೆ ಹೆಚ್ಚಾಗಿ ಕಾರಣ ಸ್ಟಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ. ನಮ್ಮ ಚರ್ಮದಲ್ಲಿ, ಮೂಗಿನಲ್ಲಿ ಸುಮ್ನೆ ಇರುವಂಥವು. ಲೋಹ ಸಿಕ್ಕರೆ ಅಂಟಿಕೊಂಡು, ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಡಾಕ್ಟರುಗಳು ಬಯೋಫಿಲ್ಮ್ ಅನ್ನೋದು ಇದನ್ನೇ. ಲೋಹದೊಳಗೆ ರಕ್ತ ಹರಿಯಲ್ಲ ಅಲ್ವಾ? ಮಾತ್ರೆ ಹೊರಗೆ ಓಡಾಡುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಲೋಳೆಯೊಳಗೆ ಮಂಕಾಗಿ ಕೂತವು ಉಳಿದುಬಿಡುತ್ತವೆ.

ಇದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರಿಸೋದು ಇನ್ನೊಂದು. ಕೋರ್ಸ್ ಮೇಲೆ ಕೋರ್ಸ್ ನುಂಗಿದರೆ ಕಲ್ಚರ್ ಪರೀಕ್ಷೆಯೇ, ಅಂದರೆ ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವುದು ಅಂತ ಗುರುತಿಸೋ ಪರೀಕ್ಷೆಯೇ, ಹಾಳಾಗಬಹುದು. ಒಳಗೆ ಸೋಂಕು ಇದ್ದರೂ ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಅಂತ ಬರುತ್ತದೆ. ರೋಗಿ ಗಟ್ಟಿಯಾಗಿದ್ದರೆ ಡಾಕ್ಟರೇ ಆಂಟಿಬಯೋಟಿಕ್ಕನ್ನು 2 ವಾರದ ಮಟ್ಟಿಗೆ ನಿಲ್ಲಿಸಿ, ಆಮೇಲೆ ಸ್ಯಾಂಪಲ್ ತೆಗೆಯೋದುಂಟು. ಅದೂ ತೂತಿನ ಬಾಯಿಗೆ ಹತ್ತಿ ಒರೆಸಿ ಅಲ್ಲ. ಅಲ್ಲಿ ಸಿಗೋದು ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಇರಬಹುದು. ಪ್ಲೇಟ್ ಪಕ್ಕದ ಮಾಂಸವನ್ನು ಬೇರೆ ಬೇರೆ ಕಡೆಯಿಂದ, ಐದಾರು ತುಣುಕು ತೆಗೆಯಬೇಕು. ಎರಡರಲ್ಲಾದರೂ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಖಚಿತ. ತೂತು ಪ್ಲೇಟ್‌ವರೆಗೆ ಹೋಗಿದ್ದರಂತೂ ವರದಿಗೆ ಕಾಯದೆಯೇ ಸೋಂಕು ಅಂತಲೇ ಲೆಕ್ಕ.

ಜನ ವಾಪಸ್ ಆಸ್ಪತ್ರೆಗೆ ಹೋಗದಿರೋದಕ್ಕೆ ಕಾರಣ ಗೊತ್ತು. ಪ್ಲೇಟ್ ತೆಗೆದುಬಿಡುತ್ತಾರೆ ಅನ್ನೋ ಭಯ. ಯಾವಾಗಲೂ ತೆಗೆಯಲ್ಲ. ಮೊದಲ ಕೆಲವು ವಾರಗಳಲ್ಲೇ ಗೊತ್ತಾಗಿ, ಪ್ಲೇಟ್ ಭದ್ರವಾಗಿದ್ದರೆ, ಒಳಗೆಲ್ಲ ಚೆನ್ನಾಗಿ ತೊಳೆದು ಹಾಗೇ ಉಳಿಸೋದುಂಟು. ಅಲ್ಲಾಡುವ ಮೂಳೆಯಲ್ಲಿ ಸೋಂಕು ಇನ್ನೂ ಹಟ ಹಿಡಿಯುತ್ತದೆ, ಅದಕ್ಕೇ. ದಿನ ಕಳೆದಷ್ಟೂ ಲೋಳೆ ಗಟ್ಟಿಯಾಗುತ್ತದೆ, ಉಳಿಸೋ ದಾರಿ ಕಡಿಮೆಯಾಗುತ್ತದೆ. ಅಂದರೆ ಪ್ಲೇಟ್ ಉಳಿಯಲಿ ಅಂತ ಕಾದವರೇ ಅದನ್ನು ಕಳೆದುಕೊಳ್ಳೋದು ಜಾಸ್ತಿ.

ಕೀವು ಬಂತು ಅಂದ ತಕ್ಷಣ ಆಪರೇಷನ್ ಮಾಡಿದವರನ್ನು ಬೈಯೋದೂ ಸರಿಯಲ್ಲ. ಮೂಳೆ ಚರ್ಮ ಸೀಳಿ ಹೊರಬಂದು ಮಣ್ಣು ಮೆತ್ತಿದ್ದರೆ ಅಪಾಯ ಆಗಲೇ ಶುರುವಾಗಿರುತ್ತದೆ. ಶುಗರ್, ಸಿಗರೇಟು ಅದನ್ನು ಹೆಚ್ಚಿಸುತ್ತವೆ.

ಮಾತ್ರೆಯ ಮೇಲೆ ನನಗೇನೂ ಹಗೆ ಇಲ್ಲ. ಮೂಳೆ, ಕೀಲಿನ ಸೋಂಕಿನಲ್ಲಿ ಮೊದಲ 6 ವಾರ ಬಾಯಿಂದ ಕೊಡುವ ಔಷಧಿ ಇಂಜೆಕ್ಷನ್‌ಗಿಂತ ಕಮ್ಮಿಯಲ್ಲ ಅಂತ 2019ರಲ್ಲಿ ಪ್ರಕಟವಾದ ಒವಿವಾ ಅಧ್ಯಯನ ತೋರಿಸಿತು. ಆದರೆ ಆ ಮಾತ್ರೆ ಯಾವ ಬ್ಯಾಕ್ಟೀರಿಯಾಕ್ಕೆ ಅಂತ ಮೊದಲು ಗೊತ್ತಿರಬೇಕು, ಒಳಗೆ ತೊಳೆದಿರಬೇಕು. ಅಂದಾಜಿನಲ್ಲಿ ಕೊಟ್ಟ ಮೂರನೇ ಕೋರ್ಸಿಗೆ ಆ ಅಧ್ಯಯನದ ಹೆಸರು ಹೇಳೋದು ಸಲ್ಲದು.