ಬಸ್ಸು ಚೆಂಡಿಯಾ ದಾಟಿ ಹೋಗುತ್ತಿತ್ತು

ಈ ಸಲದ ಜನವರಿ ಎರಡನೇ ವಾರ ಅಂಕೋಲೆಯಿಂದ ತಂಗಿ ಮಗಳ ಫೋನ್ ಬಂತು. "ಮಾಮ, ಗಣರಾಜ್ಯೋತ್ಸವಕ್ಕೆ ಅಕ್ಕೋರು ಪ್ರಾಜೆಕ್ಟ್ ಕೊಟ್ಟಿದ್ದಾರೆ. ದೇಶದ ವೀರರು ಅಂತ ವಿಷಯ. ನಂಗೆ ಭಗತ್ ಸಿಂಗ್ ಬಂದಿದೆ. ಒಳ್ಳೇ ಫೋಟೊ ಇದ್ರೆ ಕಳಿಸು, ಪ್ರಿಂಟ್ ತೆಗೆಸಿ ಅಂಟಿಸ್ತೇನೆ."

ಅವಳು ಐದನೇ ಇಯತ್ತೆ. ನಮ್ಮ ಕಡೆ ತರಗತಿಗೆ ಇಯತ್ತೆ ಅಂತಲೇ ಹೇಳುತ್ತಿದ್ದೆವು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದ ಉಳಿದ ಮಾತು ಅದು. ಪುಣೆಗೆ ಬಂದ ಹೊಸದರಲ್ಲಿ ಇಲ್ಲಿನ ಮಕ್ಕಳ ಬಾಯಲ್ಲೂ ಅದೇ ಮಾತು ಕೇಳಿ ತುಂಬಾ ಖುಷಿಯಾಗಿತ್ತು.

ಉಳಿದವರಿಗೆ ಯಾರು ಬಂದಿದ್ದಾರೆ ಅಂತ ಕೇಳಿದೆ. ನೇತಾಜಿ, ಝಾನ್ಸಿ ರಾಣಿ, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ. ಗಾಂಧೀಜಿ ನಾಲ್ಕು ಜನಕ್ಕೆ. ಎಲ್ಲರೂ ದೊಡ್ಡವರೇ, ಅವರನ್ನು ಮಕ್ಕಳು ತಿಳಿಯಲೇಬೇಕು. ಆದರೆ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಪೇಟೆ ಅಂಗಡಿಯಿಂದ ಚಿತ್ರದ ಹಾಳೆ ತರುವುದು. ಕತ್ತರಿಸಿ ಡ್ರಾಯಿಂಗ್ ಶೀಟಿಗೆ ಅಂಟಿಸುವುದು. ಸ್ಕೆಚ್ ಪೆನ್ನಲ್ಲಿ ಹುಟ್ಟಿದ ದಿನ, ತಂದೆ, ತಾಯಿ, ಸತ್ತ ದಿನ ಬರೆಯುವುದು. ಹಿಂದಿನ ರಾತ್ರಿ ಅಮ್ಮ ಅಂಚಿಗೆ ಮಿಂಚಿನ ಟೇಪ್ ಹಚ್ಚಿ ಕೊಡುವುದು. ಮರುದಿನ ಓದಿ ಹೇಳಿದರೆ ಚಪ್ಪಾಳೆ. ನಾನೂ ಹೀಗೇ ಮಾಡಿದವನು.

"ಭಗತ್ ಸಿಂಗ್ ಬದಲು ರಾಣೆ ಬಗ್ಗೆ ಮಾಡ್ತೀಯಾ?" ಅಂದೆ.

"ಯಾವ ರಾಣಿ?"

"ರಾಣಿ ಅಲ್ಲ, ರಾಣೆ. ಚೆಂಡಿಯಾದವರು."

"ಚೆಂಡಿಯಾ ಅಂದ್ರೆ ನಮ್ಮ ಈ ಚೆಂಡಿಯಾನಾ?"

ಆ "ನಮ್ಮ ಈ" ಅನ್ನುವಾಗ ಅವಳ ದನಿ ಒಂದು ಮೆಟ್ಟಿಲು ಮೇಲೆ ಹೋಯಿತು. ಅದನ್ನು ಕೇಳಿದ್ದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಅವಳಿಗೆ ಗೊತ್ತಿರಲಿಲ್ಲ ಅಂದರೆ ಅದು ಅವಳ ತಪ್ಪಲ್ಲ. ನನಗೂ ಗೊತ್ತಿರಲಿಲ್ಲ. ಕಾಲೇಜಿಗೆ ಅಂಕೋಲೆಯಿಂದ ಕಾರವಾರಕ್ಕೆ ದಿನಾ ಬಸ್ಸಲ್ಲಿ ಹೋಗಿ ಬರುತ್ತಿದ್ದೆ. ಅವರ್ಸಾ, ಅಮದಳ್ಳಿ, ಚೆಂಡಿಯಾ, ಅರಗಾ, ಬಿಣಗಾ. ಬಸ್ಸು ಚೆಂಡಿಯಾ ದಾಟಿ ಹೋಗುತ್ತಿತ್ತು, ನಾನು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದೆ. ಈ ಊರಿನ ಒಬ್ಬರಿಗೆ ಪರಮವೀರ ಚಕ್ರ ಬಂದಿದೆ ಅಂತ ಒಬ್ಬ ಮಾಸ್ತರೂ ನಮಗೆ ಹೇಳಲಿಲ್ಲ.

ಹೇಳಿದವರು ಪುಣೆಯ ಪಕ್ಕದ ಮನೆಯವರು. ನಾನು ಇರುವುದು ಖಡಕಿ ಹತ್ತಿರ. ಸೇನೆಯ ಬಾಂಬೆ ಸ್ಯಾಪರ್ಸ್ ಅನ್ನುವ ಎಂಜಿನಿಯರ್ ಪಡೆಯ ಕೇಂದ್ರ ಅಲ್ಲಿದೆ. ಪಕ್ಕದ ಮನೆಯ ಅಜ್ಜ ಅದೇ ಪಡೆಯಲ್ಲಿ ಹವಾಲ್ದಾರ್ ಆಗಿದ್ದವರು, ಸಾತಾರೆ ಕಡೆಯವರು. ಮೊದಲ ದಿನ ಊರು ಯಾವುದು ಅಂತ ಕೇಳಿದರು. ಕಾರವಾರ ಕಡೆ ಅಂದೆ. "ಕಾರವಾರ? ನಮ್ಮ ರಾಣೆ ಸಾಹೇಬರ ಕಾರವಾರ?" ಅಂತ ಎದ್ದು ನಿಂತು ಕೈ ಹಿಡಿದುಕೊಂಡರು. ಯಾವ ರಾಣೆ ಅಂತ ಕೇಳುವ ಪಾಳಿ ನನ್ನದಾಯಿತು. ಆ ಸಂಜೆ ಅವರು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ.

ರಾಮ ರಾಘೋಬ ರಾಣೆ 1918ರಲ್ಲಿ ಹುಟ್ಟಿದವರು. 1940ರಲ್ಲಿ ಸೈನ್ಯದ ಇದೇ ಎಂಜಿನಿಯರ್ ಪಡೆ ಸೇರಿದರು. 1948ರ ಏಪ್ರಿಲ್‌ನಲ್ಲಿ, ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ ನಡೆದಾಗ, ನಮ್ಮ ಸೈನ್ಯ ಜಮ್ಮು ಕಡೆಯ ನೌಶೇರಾದಿಂದ ರಾಜೌರಿಗೆ ಹೊರಟಿತ್ತು. ದಾರಿ ತುಂಬಾ ನೆಲಬಾಂಬು. ಅಲ್ಲಲ್ಲಿ ಪೈನ್ ಮರ ಕಡಿದು ಅಡ್ಡ ಹಾಕಿದ್ದರು. ಮೇಲಿನ ಗುಡ್ಡದಿಂದ ಗುಂಡಿನ ಮಳೆ. ದಾರಿ ಬಿಡಿಸುವ ಕೆಲಸ ರಾಣೆಯವರ ತಂಡದ್ದು. ಏಪ್ರಿಲ್ 8ರಂದು ಕೆಲಸ ಶುರುವಾಗುತ್ತಿದ್ದಂತೆ ಶೆಲ್ ಬಿದ್ದು ಇಬ್ಬರು ಸತ್ತರು, ಐವರಿಗೆ ಗಾಯ. ಗಾಯವಾದವರಲ್ಲಿ ರಾಣೆಯೂ ಒಬ್ಬರು. ಅವರು ಹಿಂದೆ ಹೋಗಲಿಲ್ಲ. ಬಾಂಬು ಹೂತ ಜಾಗದಲ್ಲಿ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ ಮುಂದೆ ಸಾಗಿದರು. ಒಳಗಿರುವ ಚಾಲಕನಿಗೆ ಹೊರಗಿನ ಮಾತು ಕೇಳಿಸುವುದಿಲ್ಲ. ಅದಕ್ಕೆ ಹಗ್ಗ ಎಳೆದು ಸನ್ನೆ ಮಾಡಿ ಟ್ಯಾಂಕನ್ನು ದಾಟಿಸಿದರು. 11ನೇ ತಾರೀಖಿನವರೆಗೂ ಇದೇ ಕೆಲಸ. ಆಗ ಅವರಿಗೆ 29 ವರ್ಷ. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು. ತೀರಿಕೊಂಡಿದ್ದು 1994ರಲ್ಲಿ, ಇದೇ ಪುಣೆಯಲ್ಲಿ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟರು. ಅದರಲ್ಲಿ ಒಂದು ರಾಣೆಯವರದು.

ಒಬ್ಬ ಮರಾಠಿ ಅಜ್ಜ ನನ್ನ ಜಿಲ್ಲೆಯ ವೀರನ ಕಥೆಯನ್ನು ನನಗೆ ಹೇಳುತ್ತಿದ್ದಾರೆ, ಅದೂ ಮನೆಯ ಹಿರಿಯರ ಬಗ್ಗೆ ಹೇಳಿದ ಹಾಗೆ. ಮನಸ್ಸಿಗೆ ಒಂಥರಾ ಆಯಿತು. ಇವರಿಗೆ ಈ ಹತ್ತಿರದ ಭಾವನೆ ಎಲ್ಲಿಂದ ಬಂತು ಅಂತ ಯೋಚಿಸಿದೆ. ಉತ್ತರ ದೀಪಾವಳಿಯಲ್ಲಿ ಸಿಕ್ಕಿತು.

ಇಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ನಮ್ಮ ಕಡೆಯವರು ಇದನ್ನೊಮ್ಮೆ ನೋಡಬೇಕು. ಕಟ್ಟಡದ ಮೂಲೆಯಲ್ಲಿ ಇಟ್ಟಿಗೆ, ಕಲ್ಲು ಒಟ್ಟುತ್ತಾರೆ. ಅದರ ಮೇಲೆ ಹಳೇ ಗೋಣಿ ಹಾಸುತ್ತಾರೆ. ಕೆಸರು ಕಲಸಿ ಬಳಿಯುತ್ತಾರೆ. ಇಳಿಜಾರಿಗೆ ಸಾಸಿವೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲು ಎದ್ದಿರುತ್ತದೆ. ಮೇಲೆ ಶಿವಾಜಿ ಮಹಾರಾಜರ ಮಣ್ಣಿನ ಗೊಂಬೆ, ಸುತ್ತ ಮಾವಳೆ ಸೈನಿಕರು. ನಾನು ಹೋದರೆ ಮೊಣಕೈ ತನಕ ಕೆಸರಾದ ಎಂಟು ವರ್ಷದ ಹುಡುಗ ಕರೆದು ತೋರಿಸುತ್ತಾನೆ. "ಕಾಕಾ, ಇದು ರಾಯಗಡ. ಇದು ಮಹಾದರವಾಜಾ. ಇದು ಹಿರಕಣಿ ಬುರುಜು." ಹಿರಕಣಿ ಯಾರು ಅಂದರೆ ಕಥೆ ಹೇಳುತ್ತಾನೆ. ಹಾಲು ಮಾರುವ ಹೆಂಗಸು. ಕೋಟೆಗೆ ಹಾಲು ತಂದವಳು ಹೊತ್ತು ಮುಳುಗಿದ್ದು ನೋಡಲಿಲ್ಲ, ಬಾಗಿಲು ಹಾಕಿಬಿಟ್ಟರು. ಮನೆಯಲ್ಲಿ ಎಳೆ ಮಗು. ಕತ್ತಲಲ್ಲಿ ಕಡಿದಾದ ಬಂಡೆ ಇಳಿದೇ ಹೋದಳಂತೆ. ಆ ಜಾಗದಲ್ಲಿ ಬುರುಜು ಕಟ್ಟಿಸಿ ಅವಳ ಹೆಸರಿಟ್ಟರಂತೆ.

ಆ ಹುಡುಗನಿಗೆ ಯಾರೂ ಅಂಕ ಕೊಡುವುದಿಲ್ಲ. ಆದರೂ ಕೋಟೆಗೆ ಎಷ್ಟು ಬಾಗಿಲು, ನೀರಿನ ಟಾಕಿ ಎಲ್ಲಿ ಅಂತ ದೊಡ್ಡವರನ್ನು ಕಾಡಿ ಕೇಳಿ ತಿಳಿದಿರುತ್ತಾನೆ. ಕೈಯಿಂದ ಕಟ್ಟಬೇಕಲ್ಲ, ಗೊತ್ತಿಲ್ಲದೆ ಕಟ್ಟೋಕೆ ಆಗುವುದಿಲ್ಲ. ಕೆಸರಲ್ಲಿ ಕೈ ಇಟ್ಟು ಕಲಿತಿದ್ದು ಮರೆಯುವುದೂ ಇಲ್ಲ.

ಇಲ್ಲಿನದೆಲ್ಲ ಚೆಂದ ಅಂತ ನಾನು ಹೇಳುವುದಿಲ್ಲ. ಇದೇ ಮಕ್ಕಳು ಶಾಲೆಯ ಪ್ರಾಜೆಕ್ಟ್ ಅಂದರೆ ಅಂಗಡಿಯಲ್ಲಿ ರೆಡಿ ಮಾಡೆಲ್ ಕೊಳ್ಳುತ್ತಾರೆ. ದುಡ್ಡಿದ್ದ ಅಪ್ಪ ಅಮ್ಮ ಬೇರೆಯವರ ಕೈಲಿ ಮಾಡಿಸುತ್ತಾರೆ. ಈಗೀಗ ಕಿಲ್ಲಾ ಕೂಡ ಪ್ಲಾಸ್ಟರಿನದು ರೆಡಿ ಸಿಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಮಾತು. ಇಲ್ಲಿನ ಮಕ್ಕಳ ವೀರರು ಕೋಟೆ ಕಾಲದವರು. ಕಥೆ ಎಷ್ಟು ಹತ್ತಿರ ಅನ್ನಿಸಿದರೂ, ನೋಡಿದವರನ್ನು ನೋಡಿದವರು ಅಂತ ಯಾರೂ ಇಲ್ಲ.

ನಮ್ಮ ಕರಾವಳಿಯಲ್ಲಿ ಹಾಗಲ್ಲ.

ಗಾಂಧೀಜಿ ದಂಡಿಯಲ್ಲಿ ಉಪ್ಪು ಹೆಕ್ಕಿದ್ದು 1930ರ ಏಪ್ರಿಲ್ 6. ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು ಏಪ್ರಿಲ್ 13. ಬರೀ ಒಂದು ವಾರ! ಟಿವಿ ಇಲ್ಲ, ಫೋನ್ ಇಲ್ಲ, ಈಗಿನ ಹೆದ್ದಾರಿ ಇಲ್ಲ. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ಕೂತರು. ಸರ್ಕಾರ ಗದ್ದೆ, ಮನೆ, ದನ, ಪಾತ್ರೆ ಎಲ್ಲ ಜಪ್ತಿ ಮಾಡಿತು. ಅವರು ಬಗ್ಗಲಿಲ್ಲ. ಗುಜರಾತಿನ ಬಾರ್ಡೋಲಿಯಲ್ಲೂ ರೈತರು ಹೀಗೇ ಕರ ಕೊಡದೆ ಕೂತಿದ್ದರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ಸಿದ್ದಾಪುರ ಕಡೆ ಹೆಂಗಸರು, ಹರಾಜಿನಲ್ಲಿ ಜಪ್ತಿ ಆಸ್ತಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತರು. ಸೆರೆಮನೆಗೂ ಹೋದರು. ಮಾವಿನಗುಂಡಿಯಲ್ಲಿ ಅದರ ಸ್ಮಾರಕ ಇದೆ, ಜೋಗ ನೋಡಲು ಹೋಗುವ ದಾರಿಯಲ್ಲೇ. ಎಷ್ಟು ಶಾಲೆಗಳ ಪ್ರವಾಸದ ಬಸ್ಸು ಅಲ್ಲಿ ನಿಲ್ಲುತ್ತದೆ ಹೇಳಿ? ಹಿರಕಣಿಗೆ ಒಂದು ಬುರುಜು ಇದೆ, ಎಂಟು ವರ್ಷದ ಹುಡುಗ ಅವಳ ಕಥೆ ಹೇಳುತ್ತಾನೆ. ನಮ್ಮ ಈ ಹೆಂಗಸರ ಕಥೆ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಜಪ್ತಿಯಾದ ಜಮೀನನ್ನು ಮರಳಿ ಕೊಡಲು ಮುಂಬಯಿ ಪ್ರಾಂತ್ಯದಲ್ಲಿ ಕಾಯ್ದೆ ಬಂದದ್ದು 1938ರಲ್ಲಿ. ಅಂದರೆ ಆ ಗದ್ದೆಗಳು ಈಗಲೂ ಇವೆ. ಅದರಲ್ಲಿ ಈಗಲೂ ಭತ್ತ ಬೆಳೆಯುತ್ತದೆ. ಆ ಮನೆಗಳ ಮೊಮ್ಮಕ್ಕಳಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಸಂಜೆ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿರುತ್ತಾರೆ. "ಅಜ್ಜಿ, ನಿನ್ನ ಅಜ್ಜಿ ಏನು ಹೇಳ್ತಿತ್ತು?" ಅಂತ ಒಂದು ಮಗು ಹೋಗಿ ಕೇಳಿದರೆ ಸಾಕು, ಇಡೀ ಪ್ರಾಜೆಕ್ಟ್ ಅಲ್ಲೇ ಸಿಗುತ್ತದೆ.

ತಂಗಿ ಮಗಳ ಅಕ್ಕೋರು ಒಳ್ಳೆಯವರು. ವೀರರನ್ನು ಬದಲಾಯಿಸಲು ಒಪ್ಪಿದ್ದಲ್ಲದೆ, ಇನ್ನೂ ನಾಲ್ಕು ಮಕ್ಕಳಿಗೆ ಊರ ಕಡೆಯ ವಿಷಯವನ್ನೇ ಕೊಟ್ಟರು. ಒಬ್ಬ ಶಿಕ್ಷಕಿಗೆ ಎರಡು ಮೂರು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಇಷ್ಟರ ನಡುವೆ ಅವರು ಹೂಂ ಅಂದಿದ್ದೇ ದೊಡ್ಡದು. ಇದನ್ನೆಲ್ಲ ಅಕ್ಕೋರ ತಲೆಗೇ ಕಟ್ಟಬಾರದು, ಮನೆಯವರು ಒಂದು ಭಾನುವಾರ ಕೊಡಬೇಕು.

ತಂಗಿ ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದಳು. ಟಾಗೋರ್ ಕಡಲತೀರದಲ್ಲಿ ರಾಣೆಯವರ ಪ್ರತಿಮೆ ಇದೆ, ಯುದ್ಧನೌಕೆ ಸಂಗ್ರಹಾಲಯದ ಹತ್ತಿರ. ಎಷ್ಟೋ ಸಲ ಅಲ್ಲಿ ಗೋಬಿ ತಿಂದಿದ್ದಾಳೆ, ಪ್ರತಿಮೆಯ ಕೆಳಗೆ ಏನು ಬರೆದಿದೆ ಅಂತ ಓದಿದ್ದು ಇದೇ ಮೊದಲು. ಬರುವಾಗ ಚೆಂಡಿಯಾದಲ್ಲಿ ಇಳಿದು ಅಂಗಡಿಯವರನ್ನು ಕೇಳಿದರು. ಒಬ್ಬರಿಗೆ ಗೊತ್ತಿಲ್ಲ, ಇನ್ನೊಬ್ಬರಿಗೆ ಅರ್ಧ ಗೊತ್ತು, ಮೂರನೆಯವರು ಕೂರಿಸಿ ಸೋಡಾ ಕೊಟ್ಟು ಗಂಟೆಗಟ್ಟಲೆ ಮಾತಾಡಿದರು. ಅವಳು ಎಲ್ಲವನ್ನೂ ನೋಟ್‌ಬುಕ್ಕಲ್ಲಿ ಬರೆದುಕೊಂಡಳು, ಗೊತ್ತಿಲ್ಲ ಅಂದವರದ್ದನ್ನೂ.

ಉಪ್ಪಿನ ವಿಷಯ ಸಿಕ್ಕ ಹುಡುಗ ಮಾಡಿದ್ದು ನನಗೆ ಇನ್ನೂ ಇಷ್ಟವಾಯಿತು. ಅಜ್ಜನ ಜೊತೆ ಬೇಲೆಗೆ ಹೋಗಿ ಎರಡು ಲೀಟರ್ ಸಮುದ್ರದ ನೀರು ತಂದ. ಬಟ್ಟೆಯಲ್ಲಿ ಸೋಸಿ ಬಚ್ಚಲ ಒಲೆಯ ಮೇಲೆ ಇಟ್ಟ. ಅರ್ಧ ದಿನ ಕುದಿಸಿದರೆ ತಳದಲ್ಲಿ ಬೂದು ಬಣ್ಣದ ಉಪ್ಪು. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿದ, ಅರವತ್ತು ಗ್ರಾಂ ಚಿಲ್ಲರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಲೆಕ್ಕ ಸರಿಯಾಗೇ ಬಂದಿದೆ. ಚಿಟಿಕೆ ಬಾಯಿಗೆ ಹಾಕಿ ಮುಖ ಕಿವುಚಿದ. ಉಪ್ಪಿನ ಜೊತೆ ಕಹಿ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಕೊನೆಗೆ ಉಳಿಯುವ ಕಹಿ ನೀರನ್ನು ಹೊರಗೆ ಬಿಡುತ್ತಾರೆ, ಇವನು ಪೂರ್ತಿ ಆರಿಸಿಬಿಟ್ಟಿದ್ದ. ಜನವರಿ 26ರಂದು ಆ ಉಪ್ಪನ್ನು ಬಾಳೆ ಎಲೆಯ ಮೇಲೆ ಇಟ್ಟುಕೊಂಡು ಹೇಳಿದನಂತೆ: "ಇಷ್ಟು ಉಪ್ಪು ಮಾಡಿದ್ದಕ್ಕೆ ಆಗ ಜೈಲಿಗೆ ಹಾಕ್ತಿದ್ರು." ಎದುರಿಗೆ ಕೂತ ದೊಡ್ಡವರೆಲ್ಲ ಸುಮ್ಮನಾದರಂತೆ.

ಆ ದಿನದ ವಿಡಿಯೊ ತಂಗಿ ಕಳಿಸಿದ್ದಾಳೆ, ಹತ್ತು ಸಲ ನೋಡಿದ್ದೇನೆ. ಮಗಳು ನೋಟ್‌ಬುಕ್ ನೋಡದೆ ಮಾತಾಡುತ್ತಾಳೆ. ನಡುವೆ ಬೆಂಚಿನ ಅಡಿ ನುಗ್ಗಿ ತೆವಳಿ ತೋರಿಸುತ್ತಾಳೆ. ಬೆಂಚೇ ಟ್ಯಾಂಕು. ಮೇಲೆ ಕೂತ ಗೆಳತಿ ಚಾಲಕಿ, ಅವಳ ಕಾಲಿಗೆ ಬಾವಿ ಹಗ್ಗ ಕಟ್ಟಿದ್ದಾರೆ. ಹಗ್ಗ ಎಳೆದರೆ ಅವಳು ನಿಲ್ಲಬೇಕು, ಬಿಟ್ಟರೆ ಹೋಗಬೇಕು. ಯೂನಿಫಾರಂ ಎಲ್ಲ ಧೂಳು.

ಒಂದು ವಿಷಯ ಮಾತ್ರ ಮನಸ್ಸನ್ನು ಕೊರೆಯುತ್ತಿದೆ. ಅಂಕೋಲೆಯ ಹೊನ್ನಳ್ಳಿಯಲ್ಲಿ ತುಳಸಿ ಗೌಡ ಇದ್ದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಬೀಜ ನೋಡಿ ಮರದ ಜಾತಕ ಹೇಳುವಷ್ಟು ಕಲಿತವರು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡರು. ಬಡಿಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರು. ಹಾಲಕ್ಕಿ ಸಮುದಾಯದ ಹಾಡುಗಳನ್ನೆಲ್ಲ ನೆನಪಲ್ಲಿ ಇಟ್ಟುಕೊಂಡವರು, ಸಾರಾಯಿ ವಿರುದ್ಧ ಹೋರಾಡಿದವರು. ಅವರೂ ಪದ್ಮಶ್ರೀ. 2024ರ ಡಿಸೆಂಬರ್‌ನಲ್ಲಿ ತುಳಸಜ್ಜಿ ಹೋದರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ. ಇಬ್ಬರೂ ಒಂದೇ ತಾಲೂಕಿನವರು. ಹೋಗಿ ಪಕ್ಕದಲ್ಲಿ ಕೂತು ಕೇಳಬಹುದಿತ್ತು. ಕೆಲವು ಶಾಲೆಗಳು ಮಕ್ಕಳನ್ನು ಕರೆದುಕೊಂಡು ಹೋಗಿದ್ದವು, ಅವಕ್ಕೆ ಕೈ ಮುಗಿಯುತ್ತೇನೆ. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ಮುಂದಿನ ಸಲ ನೋಡೋಣ ಅಂತ ನಾನೇ ಹೇಳುತ್ತಿದ್ದೆ.

ಮೊನ್ನೆ ರಾತ್ರಿ ಮತ್ತೆ ಫೋನ್ ಬಂತು. ಪ್ರಾಜೆಕ್ಟ್ ಮುಗಿದು ವಾರಗಳೇ ಆದವು, ಇನ್ನೇನು ಅಂದುಕೊಂಡೆ.

"ಮಾಮ, ಆ ಹಗ್ಗ ಎಷ್ಟು ಉದ್ದ ಇತ್ತು?"

"ಯಾವ ಹಗ್ಗ?"

"ರಾಣೆ ಸಾಹೇಬ್ರದ್ದು. ನಮ್ಮದು ತುಂಬಾ ಉದ್ದ ಆಗಿ ಕಾಲಿಗೆ ಸಿಕ್ಕಿಕೊಳ್ತಿತ್ತು. ಅವ್ರು ಹೇಗೆ ಮಾಡಿದ್ರು?"

ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆ ಅಜ್ಜನನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದರು. ಈ ಪ್ರಶ್ನೆ ಇಷ್ಟು ವರ್ಷದಲ್ಲಿ ನನಗೇ ಹೊಳೆದಿಲ್ಲ ಅಂದರು. ಪಡೆಯಲ್ಲಿ ಅವರಿಗಿಂತ ಹಿರಿಯರೊಬ್ಬರು ಇದ್ದಾರಂತೆ, ಮನೆ ದೇಹೂ ರಸ್ತೆಯಲ್ಲಿ. ಭಾನುವಾರ ಬೆಳಿಗ್ಗೆ ಹೋಗೋಣ, ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿಡು ಅಂದಿದ್ದಾರೆ.