ಸಬ್‌ಸ್ಟ್ಯಾಕಾ, ಸೂಪರ್‌ಹ್ಯೂಮನ್ನಾ? ಇದೆಂಥ ಪ್ರಶ್ನೆ ಮಾರಾಯ್ರೆ!

ಈಗಷ್ಟೇ ಸ್ನೇಹಿತರೊಬ್ಬರು ತುಂಬಾ ಗಂಭೀರವಾಗಿ ಕೇಳಿದರು. ನ್ಯೂಸ್‌ಲೆಟರ್ (ಓದುಗರಿಗೆ ಮೇಲ್‌ನಲ್ಲಿ ಕಳಿಸೋ ಬರಹ) ಶುರು ಮಾಡಬೇಕಂತೆ, ಅದನ್ನು ಬರೆದು ಕಳಿಸೋ ಜಾಲತಾಣ ಸಬ್‌ಸ್ಟ್ಯಾಕ್ ಒಳ್ಳೆಯದಾ, ಸೂಪರ್‌ಹ್ಯೂಮನ್ ಅನ್ನೋ ಮೇಲ್ ಆ್ಯಪಾ? ಜೊತೆಗೆ ಎಲ್ಲಿಂದಲೋ ಸಿಕ್ಕ ಒಂದು ಹೋಲಿಕೆ ಪಟ್ಟಿ ಬೇರೆ. ಅದರಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಅನ್ನೋ ಸಾಲಿನಲ್ಲಿ ಸಬ್‌ಸ್ಟ್ಯಾಕ್‌ಗೆ ಕೆಂಪು ಇಂಟು ಮಾರ್ಕು! ಪಾಪ, ಫೇಲ್.

ಮೈಕ್ ಕೊಳ್ಳಲಾ ಹೆಡ್‌ಫೋನ್ ಕೊಳ್ಳಲಾ ಅಂತ ಯಾರಾದರೂ ಕೇಳ್ತಾರಾ? ಸಬ್‌ಸ್ಟ್ಯಾಕ್ ಇರೋದು ನೂರಾರು ಜನಕ್ಕೆ ಬರೆಯೋಕೆ. ಸೂಪರ್‌ಹ್ಯೂಮನ್ ಇರೋದು ನಮಗೆ ಬಂದ ಮೇಲ್ ಬೇಗ ಓದಿ, ಉತ್ತರಿಸಿ, ಮುಗಿಸೋಕೆ. ಸೂಪರ್‌ಹ್ಯೂಮನ್‌ನಲ್ಲಿ 'ಇ' ಒತ್ತಿದರೆ ಮೇಲ್ ಆರ್ಕೈವ್‌ಗೆ ಹೋಗುತ್ತೆ, ಮುಂದಿನದು ತಾನಾಗಿ ಎದುರಿಗೆ ಬಂದು ನಿಲ್ಲುತ್ತೆ. ಚೆನ್ನಾಗಿದೆ, ಒಪ್ಪಿದೆ. ಓದದ ಮೇಲ್ ರಾಶಿ ಬಿದ್ದಿರೋ ನನ್ನಂಥ ಸೋಮಾರಿಗೆ ಆಸೆಯೂ ಆಗುತ್ತೆ. ಆದರೆ ಅದು ಜಿಮೇಲ್ ಅಥವಾ ಔಟ್‌ಲುಕ್ ಖಾತೆಯ ಮೇಲೆ ಕೂರೋ ಆ್ಯಪ್ ಅಷ್ಟೇ. ಮೇಲ್ ಹೋಗೋದು ಅದೇ ಖಾತೆಯಿಂದ, ಮಿತಿಯೂ ಅದರದ್ದೇ. ಉಚಿತ ಜಿಮೇಲ್‌ನಿಂದ ದಿನಕ್ಕೆ ಸುಮಾರು 500 ಜನಕ್ಕೆ ಕಳಿಸಬಹುದು, ಆಮೇಲೆ ಬಾಗಿಲು ಬಂದ್.

"ಎರಡೂ ಇಮೇಲೇ ಅಲ್ವಾ" ಅಂದರು. ಹೌದು ಸ್ವಾಮಿ, ಮೈಕ್‌ನಲ್ಲೂ ಶಬ್ದ, ಹೆಡ್‌ಫೋನ್‌ನಲ್ಲೂ ಶಬ್ದ. ಸ್ವಂತ ಖಾತೆಯಿಂದ ನ್ಯೂಸ್‌ಲೆಟರ್ ಕಳಿಸೋರನ್ನೂ ನೋಡಿದ್ದೇನೆ. ಎಲ್ಲರ ವಿಳಾಸ 'ಟು' (To) ಸಾಲಿನಲ್ಲೇ, ಎಲ್ಲರಿಗೂ ಕಾಣೋ ಹಾಗೆ! ಒಬ್ಬರು ನನ್ನನ್ನು ತೆಗೆಯಿರಿ ಅಂತ ಎಲ್ಲರಿಗೂ ಉತ್ತರ ಕೊಟ್ಟರು, ಇನ್ನೊಬ್ಬರು ನನ್ನನ್ನೂ ಅಂದರು, ಮಧ್ಯಾಹ್ನದವರೆಗೆ ಅದೇ ಮೆರವಣಿಗೆ. ಅನ್‌ಸಬ್‌ಸ್ಕ್ರೈಬ್ ಲಿಂಕ್ ಇಲ್ಲದಿದ್ದರೆ ಜನ ಸ್ಪ್ಯಾಮ್ ಅಂತ ಒತ್ತುತ್ತಾರೆ, ಆಮೇಲೆ ನೀವು ಮನೆಯವರಿಗೆ ಕಳಿಸೋ ಮೇಲೂ ಸ್ಪ್ಯಾಮ್‌ಗೆ ಬೀಳಬಹುದು. ಒಂದೇ ಕ್ಲಿಕ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಆಗೋ ಹಾಗಿರಬೇಕು ಅಂತ ಗೂಗಲ್ 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಕಳಿಸೋರಿಗೆ ನಿಯಮವನ್ನೇ ತಂತು. ಸಬ್‌ಸ್ಟ್ಯಾಕ್‌ನಂಥ ಜಾಗದಲ್ಲಿ ಈ ತಲೆನೋವು ಅವರದ್ದು.

ದುಡ್ಡು ಒಂದಕ್ಕೇ ಇದೆ, ಅದಕ್ಕೆ ಆರಿಸಬೇಕು ಅನ್ನೋ ವಾದವೂ ಬಂತು. ಅದೂ ನಿಲ್ಲಲ್ಲ. ಸೂಪರ್‌ಹ್ಯೂಮನ್ ಹೆಸರಾಗಿದ್ದೇ ತಿಂಗಳಿಗೆ 30 ಡಾಲರ್ ಬೆಲೆಯಿಂದ, ಅದು ನಿಮ್ಮ ಜೇಬಿನಿಂದ ಹೋಗುತ್ತೆ. ಸಬ್‌ಸ್ಟ್ಯಾಕ್‌ನಲ್ಲಿ ಸುಮ್ನೆ ಬರೆಯೋಕೆ ಒಂದು ಪೈಸೆ ಬೇಡ. ಓದುಗರಿಂದ ಚಂದಾ ತಗೊಂಡರೆ ಮಾತ್ರ ಅದರಲ್ಲಿ 10% ಅವರಿಗೆ, ಕಾರ್ಡ್ ಶುಲ್ಕ ಬೇರೆ.

ಹೋಲಿಸಲೇಬೇಕು ಅಂತ ಕೈ ತುರಿಸ್ತಿದ್ದರೆ ಸಬ್‌ಸ್ಟ್ಯಾಕನ್ನು ಘೋಸ್ಟ್ ಅನ್ನೋ ಇನ್ನೊಂದು ನ್ಯೂಸ್‌ಲೆಟರ್ ವೇದಿಕೆ ಜೊತೆ ಹೋಲಿಸಿ. ಘೋಸ್ಟ್ ಚಂದಾದಲ್ಲಿ ಪಾಲು ಕೇಳಲ್ಲ, ಆದರೆ ಅವರ ಸರ್ವರ್‌ನಲ್ಲೇ ಇಡ್ತೀರಾದರೆ ಓದುಗರು ಇರಲಿ ಬಿಡಲಿ ಬಾಡಿಗೆ ಕಟ್ಟಬೇಕು. ಚಂದಾದಾರರು ಜಾಸ್ತಿ ಆದಷ್ಟೂ ಸಬ್‌ಸ್ಟ್ಯಾಕ್‌ನ ಆ 10% ಚುಚ್ಚುತ್ತೆ, ಅಲ್ಲಿ ಲೆಕ್ಕ ಹಾಕೋಕೆ ಏನೋ ಇದೆ. ಇನ್‌ಬಾಕ್ಸ್ ಖಾಲಿ ಮಾಡೋ ಆ್ಯಪ್ ಬೇಕಾ ಬೇಡವಾ ಅನ್ನೋದನ್ನ ಇನ್ನೊಂದು ದಿನ ಕೇಳಿ, ಹೇಳ್ತೀನಿ. ಆ ಪಟ್ಟಿ ಮಾತ್ರ ದಯವಿಟ್ಟು ನನಗೆ ಮತ್ತೆ ಫಾರ್ವರ್ಡ್ ಮಾಡಬೇಡಿ.